ಕ್ರಾಂಬೆರ್ಗರ್ ಎದ್ದು ಆಚೆ ಹೋದದ್ದು

ಪ್ರೊಫೆಸರ್ ಲಾದಿಸ್ಲಾವ್ ಕ್ರಾಂಬೆರ್ಗರ್ ಅವರ ಪ್ರಾಮಾಣಿಕತೆಯ ಮುಂದೆ ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದ ಕೋಟೆ ಒಂದು ಇರುವೆಗೂಡು. ಬೀದಿಯಲ್ಲಿ ಸಿಕ್ಕ ಅಂಗಿಯ ಗುಂಡಿಯೊಂದನ್ನು ಒಡೆಯನಿಗೆ ತಲುಪಿಸಲು ಅವರು ಆಲ್ಪ್ಸ್ ಪರ್ವತವನ್ನೇ ಹತ್ತಿ ಇಳಿಯುವವರು. ಬಸ್ಸಿನಲ್ಲಿ ಅವರನ್ನು ಕಂಡರೆ ತಪಾಸಣೆಯವರೇ ತಮ್ಮ ಟಿಕೆಟ್ ತೆಗೆದು ತೋರಿಸುತ್ತಿದ್ದರು. ಸುಳ್ಳೆನ್ನುವವರು ಬಂದು ಪಂದ್ಯ ಕಟ್ಟಲಿ.

ಇಂಥವರನ್ನು ಬ್ರಸೆಲ್ಸಿಗೆ ಕರೆಸದೆ ಇನ್ಯಾರನ್ನು ಕರೆಸುತ್ತಾರೆ? ಯುರೋಪಿನ ಜನರ ತೆರಿಗೆ ಹಣದಲ್ಲಿ ಸಮಾಜ, ಇತಿಹಾಸ, ಭಾಷೆಗಳ ಸಂಶೋಧನೆಗೆ ಸಿಗುವುದು ಊಟದೆಲೆಯ ತುದಿಯ ಉಪ್ಪಿನಕಾಯಿಯಷ್ಟು. ಅದನ್ನು ನೆಕ್ಕಲು ಕಾದಿರುವವರ ಸಾಲು ಮಾತ್ರ ಲಿಸ್ಬನ್ನಿನಲ್ಲಿ ಶುರುವಾಗಿ ಹೆಲ್ಸಿಂಕಿಯಲ್ಲೂ ಮುಗಿಯುತ್ತಿರಲಿಲ್ಲ. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಕ್ರಾಂಬೆರ್ಗರ್ ಅವರೂ ಇದ್ದ ಪಂಡಿತರ ಸಮಿತಿಯೊಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತಿತ್ತು. ಅವರು ಕುಡಿದ ಕಾಫಿಯಲ್ಲಿ ಹಡಗು ತೇಲಿಸಬಹುದಿತ್ತು.

ಅರ್ಜಿಗಳ ರಾಶಿಯಲ್ಲಿ ನೇಝಾ ಪೊಡ್ಲಿಪ್ನಿಕಳದ್ದೂ ಇತ್ತು. ಕ್ರಾಂಬೆರ್ಗರ್ ಅವರ ತೀರಿಹೋದ ಹೆಂಡತಿ ಯೆರಿತ್ಸಾಳ ಕೊನೆಯ ಶಿಷ್ಯೆ ಅವಳು. ಸ್ಲೊವೇನಿಯಾದ ಸ್ಮಶಾನಗಳಲ್ಲಿ ದೀಪ ಹಚ್ಚಿಟ್ಟು ಸಮಾಧಿಯ ಮುಂದೆ ನಿಲ್ಲುವವರು ಸತ್ತವರೊಡನೆ ಏನು ಮಾತಾಡುತ್ತಾರೆ ಎಂಬುದು ಅವಳ ವಿಷಯ. ಮಂಜಿನಲ್ಲಿ ವರ್ಷಗಟ್ಟಲೆ ನಿಂತು, ಅಪ್ಪಣೆ ಕೇಳಿ ಕೇಳಿ ಸಂಗ್ರಹಿಸಿದ ಮಾತುಗಳು. ವಿಶ್ವವಿದ್ಯಾಲಯದಲ್ಲಿ ಅವಳ ಕೆಲಸದ ಅವಧಿ ಮುಗಿಯುತ್ತ ಬಂದಿತ್ತು. ಈ ಸಲ ಹಣ ಸಿಗದಿದ್ದರೆ ಸಂಶೋಧನೆಗೇ ಅವಳು ವಿದಾಯ ಹೇಳಬೇಕು. ಇದು ಕ್ರಾಂಬೆರ್ಗರ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಕೋಣೆಯಲ್ಲಿ ಸ್ಲೊವೀನ್ ಭಾಷೆ ಬಲ್ಲವರು ಅವರೊಬ್ಬರೇ. ಅರ್ಜಿಯನ್ನು ಓದಿ, ಅತ್ತು, ಅತಿ ಹೆಚ್ಚಿನ ಅಂಕ ಬರೆದಿಟ್ಟಿದ್ದರು.

ಪ್ರತಿ ಅರ್ಜಿಗೂ ಮುಂಚೆ ಕೇಳುವಂತೆ ಅಧ್ಯಕ್ಷೆ ಫಿನೋಲಾ ಕೇಳಿದಳು: "ಈ ಅರ್ಜಿದಾರರ ಜೊತೆ ಯಾರಿಗಾದ್ರೂ ಸಂಬಂಧ ಇದ್ಯಾ?"

ನಂಟರು, ಜೊತೆಗೂಡಿ ಬರೆದವರು, ಹೀಗೆ ಸಂಬಂಧವಿದ್ದವರು ಎದ್ದು ಆಚೆ ಹೋಗಬೇಕು. ಅದು ಅಲ್ಲಿಯ ಪದ್ಧತಿ. ಕ್ರಾಂಬೆರ್ಗರ್ ಅವರಿಗೆ ಥಟ್ಟನೆ ನೆನಪಾಯಿತು. ಯೆರಿತ್ಸಾ ಸತ್ತಾಗ ಒಂದು ಪತ್ರಿಕೆಗೆ ಶ್ರದ್ಧಾಂಜಲಿ ಬರೆದಿದ್ದರು. ಅರ್ಧಕ್ಕೇ ಕೈ ನಿಂತುಹೋಗಿ, ಉಳಿದದ್ದನ್ನು ನೇಝಾ ಬರೆದು ಮುಗಿಸಿದ್ದಳು. ಕೆಳಗೆ ಇಬ್ಬರ ಹೆಸರೂ ಇತ್ತು.

"ನಾವಿಬ್ರೂ ಸೇರಿ ಒಂದು ಬರಹ ಪ್ರಕಟಿಸಿದೀವಿ," ಎಂದರು. "ನನ್ನ ಹೆಂಡತಿಯ ಶ್ರದ್ಧಾಂಜಲಿ."

ಪಕ್ಕದಲ್ಲಿದ್ದ ಪೋರ್ಚುಗೀಸ್ ಇತಿಹಾಸಕಾರ ಅದೆಲಿನೋ ಹಣೆ ಚಚ್ಚಿಕೊಂಡ. "ಅಯ್ಯೋ ಮಾರಾಯಾ, ಶ್ರದ್ಧಾಂಜಲೀನ ಯಾರು ಲೆಕ್ಕಕ್ಕೆ ತಗೋತಾರೆ? ಸುಮ್ನೆ ಕೂತ್ಕೊ!"

ಫಿನೋಲಾ ನಿಯಮಾವಳಿ ತಿರುವಿ ಹಾಕಿದಳು. "ಶ್ರದ್ಧಾಂಜಲಿ ಬಗ್ಗೆ ಇಲ್ಲೇನೂ ಇಲ್ಲ. ನಿಮಗೆ ಬಿಟ್ಟಿದ್ದು, ಪ್ರೊಫೆಸರ್. ಅಂಥ ಸಂಬಂಧ ಅಲ್ಲ ಅಂದ್ರೆ ಕೂತ್ಕೊಳ್ಳಿ. ನಿಮ್ಮ ಮಾತನ್ನ ಇಲ್ಲಿ ಯಾರೂ ಅನುಮಾನಿಸಲ್ಲ."

ಯಾರೂ ಅನುಮಾನಿಸಲ್ಲ ಎಂಬ ಆ ಮಾತೇ ಅವರನ್ನು ಎಬ್ಬಿಸಿತು. ಎಲ್ಲರ ಕಣ್ಣೂ ತಮ್ಮ ಮೇಲಿರುವುದು ತಿಳಿದು, ಒಳಗೊಳಗೇ ಹಿತವೂ ಆಯಿತು. ಅಷ್ಟು ಒಳ್ಳೆಯ ಅರ್ಜಿಗೆ ಯಾರ ಆಸರೆಯೂ ಬೇಡವೆಂದುಕೊಂಡು, ಎದೆ ಸೆಟೆಸಿ ಬಾಗಿಲು ದಾಟಿದರು. ಅವರು ಬರೆದಿಟ್ಟಿದ್ದ ಅಂಕವೂ ನಿಯಮದಂತೆ ಲೆಕ್ಕದಿಂದ ಬಿದ್ದು, ಅವರ ಹಿಂದೆಯೇ ಆಚೆ ಬಂತು.

ಹೊರಗಿನ ಪಡಸಾಲೆಯ ಒಂದು ತುದಿಯಲ್ಲಿ ಸೀನಿದರೆ ಇನ್ನೊಂದು ತುದಿಯವರಿಗೆ ಮರುದಿನ ಕೇಳಿಸಬೇಕು, ಅಷ್ಟು ಉದ್ದ. ಕ್ರಾಂಬೆರ್ಗರ್ ಅಲ್ಲಿ ಕೈಕಟ್ಟಿ ನಿಂತರು. ಬಾಗಿಲಾಚೆ ಯಾರೋ ನಕ್ಕರು. ಆಮೇಲೆ ಇನ್ನೂ ಕೆಲವರು ನಕ್ಕರು. ಅವರ ಕೈ ಬಾಗಿಲ ಹಿಡಿಯವರೆಗೆ ಹೋಗಿ ವಾಪಸು ಬಂತು.

ಒಳಗೆ ಕರೆದಾಗ ಗೋಡೆಯ ಪರದೆಯ ಮೇಲೆ ನೇಝಾಳ ಅರ್ಜಿ ಹಣ ಸಿಗುವವರ ಪಟ್ಟಿ ಮುಗಿಯುವ ಕೆಂಪು ಗೆರೆಯ ಕೆಳಗೆ, ಗೆರೆಗೆ ಅಂಟಿಕೊಂಡಂತೆ ಇತ್ತು.

"ನೀನು ಹೋದ್ಮೇಲೆ ಅದನ್ನ ಪೂರ್ತಿ ಓದಿದವರು ಒಬ್ರೂ ಇರ್ಲಿಲ್ಲ," ಅದೆಲಿನೋ ಪಿಸುಗುಟ್ಟಿದ. "ಹೆಣದ ಜೊತೆ ಹರಟೆಗೂ ನಾವು ದುಡ್ಡು ಕೊಡ್ಬೇಕಾ ಅಂದ ಒಬ್ಬ. ತಡೆಯೋಕೆ ನೋಡ್ದೆ. ಆದ್ರೆ ನಂಗೇನು ಗೊತ್ತು ನಿಮ್ಮ ಸ್ಮಶಾನಗಳ ಬಗ್ಗೆ?"

ಕೋಣೆಯಲ್ಲಿ ನಡೆದದ್ದನ್ನಾಗಲಿ, ತಾವು ಅಲ್ಲಿದ್ದುದನ್ನಾಗಲಿ ಅರ್ಜಿದಾರರಿಗೆ ಹೇಳುವುದಿಲ್ಲವೆಂದು ಎಲ್ಲರೂ ಮೊದಲೇ ಸಹಿ ಹಾಕಿದ್ದರು. ಕ್ರಾಂಬೆರ್ಗರ್ ಅವರ ಸಹಿ ಎಂದರೆ ಬಂಡೆಯ ಮೇಲಿನ ಶಾಸನ.

ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಕ್ರಾಂಬೆರ್ಗರ್ ಅವರ ಮನೆಗೆ ನೇಝಾ ಬಂದಳು. ವಾಲ್‌ನಟ್ ತುಂಬಿದ ಪೊತಿತ್ಸಾ ರೊಟ್ಟಿ ತಂದಿದ್ದಳು. ಯೆರಿತ್ಸಾಗೆ ತರುತ್ತಿದ್ದ ಹಾಗೆಯೇ.

"ವಿಮೆ ಕಂಪನೀಲಿ ಕೆಲಸ ಸಿಕ್ತು, ಪ್ರೊಫೆಸರೇ," ಎಂದಳು. "ಸತ್ತವರ ಮನೆಯವರು ಫೋನ್ ಮಾಡ್ತಾರಲ್ಲ, ಅವರ ಜೊತೆ ಮಾತಾಡೋದು. ನಂಗೆ ಅನುಭವ ಇದೆ ಅಂತ ತಗೊಂಡ್ರು ನೋಡಿ." ನಕ್ಕಳು. ನಗು ಅರ್ಧಕ್ಕೇ ನಿಂತಿತು. "ರೆಕಾರ್ಡಿಂಗ್ ಎಲ್ಲ ಡಬ್ಬಕ್ಕೆ ತುಂಬಿಟ್ಟಿದೀನಿ. ನಿಮ್ಮನೇಲಿ ಇಟ್ಕೋತೀರಾ? ನನ್ನ ಬಾಡಿಗೆ ಕೋಣೇಲಿ ಜಾಗ ಇಲ್ಲ."

"ಇಟ್ಕೋತೀನಮ್ಮಾ."

"ಒಂದೇ ಬೇಜಾರು. ಆ ಸಮಿತೀಲಿ ನಮ್ಮ ಕಡೆಯವರು ಒಬ್ರಿದ್ದಿದ್ರೂ ಸಾಕಿತ್ತು. ದೀಪ ಹಚ್ಚೋದು ಅಂದ್ರೆ ಏನು ಅಂತ ಗೊತ್ತಿರೋರು."

ಕ್ರಾಂಬೆರ್ಗರ್ ರೊಟ್ಟಿ ಕುಯ್ಯುತ್ತಿದ್ದರು. ಚಾಕು ತಟ್ಟೆಗೆ ತಾಗಿ ನಿಂತಿತು.

"ಯೆರಿತ್ಸಾ ಮೇಡಂ ಆ ಕೋಣೇಲಿ ಇದ್ದಿದ್ರೆ," ನೇಝಾ ಕಣ್ಣೊರೆಸಿಕೊಂಡಳು, "ಮೇಜು ಗುದ್ದಿ ಜಗಳ ಆಡ್ತಿದ್ರು. ಅಲ್ವಾ?"

"ಆಡ್ತಿದ್ಳು," ಎಂದರು ಕ್ರಾಂಬೆರ್ಗರ್, ತಲೆ ಎತ್ತದೆ. "ಅವಳು ಆಚೆ ಹೋಗ್ತಾನೇ ಇರ್ಲಿಲ್ಲ."

"ಎಲ್ಲಿಂದ ಆಚೆ?" ಎಂದಳು ನೇಝಾ.

ಅವರು ದೊಡ್ಡ ಹೋಳನ್ನು ಅವಳ ತಟ್ಟೆಗೆ ಹಾಕಿದರು.