ಬಣ್ಣದ ಪುಟಗಳ ಹೊಟ್ಟೆಕಿಚ್ಚು

ನಾನು ಒಂದು ಕಾಲೇಜಿನ ಪರಿಚಯ ಪುಸ್ತಕ. ಪ್ರಾಸ್ಪೆಕ್ಟಸ್ ಅಂದರೆ ಬೇಗ ತಿಳಿದೀತು. ಹುಬ್ಬಳ್ಳಿಯ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ ಹುಟ್ಟಿದೆ. ಇಪ್ಪತ್ನಾಲ್ಕು ಪುಟ, ಎಲ್ಲವೂ ಬಣ್ಣ. ಮುಖಪುಟದಲ್ಲಿ ಕ್ಯಾಮೆರಾ ಹಿಡಿದ ಹುಡುಗಿ, ಒಳಗೆ ಝಗಝಗಿಸುವ ಟಿ.ವಿ. ಸ್ಟುಡಿಯೋ. ನನಗೆ ಹುಟ್ಟಿನಿಂದಲೇ ಜಂಬ, ಸುಳ್ಳೇಕೆ ಹೇಳಲಿ?

ಗದಗಿನ ಶಿಕ್ಷಣ ಮೇಳದಲ್ಲಿ ನೀಲಾಂಬಿಕಾ ನನ್ನನ್ನು ಎತ್ತಿಕೊಂಡಳು. ಪಿಯುಸಿ ಮುಗಿಸಿದ್ದಳು, ವರದಿಗಾರ್ತಿ ಆಗಲೇಬೇಕೆಂಬ ಹಟ. ಅವಳ ತಂದೆ ಚನ್ನವೀರಪ್ಪನವರು ಬಸ್ ಕಂಡಕ್ಟರ್. "ಛಂದ ಐತಿ. ಇದ ಕಾಲೇಜಿಗೆ ಹಚ್ಚೂಣು" ಎಂದರು. ಒಂದು ವಾರ ಬಂದವರಿಗೆಲ್ಲ ನನ್ನನ್ನೇ ತೋರಿಸಿದರು.

ಆಮೇಲೆ ಬಂತು ಅದು. ಎದುರುಮನೆಯ ಫರೀದಾ ತನ್ನ ಕಾಲೇಜಿನಿಂದ ತಂದ ಪತ್ರಿಕೆ. ಪತ್ರಿಕೋದ್ಯಮದ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ತಾವೇ ಬರೆದು ಅಚ್ಚು ಹಾಕಿಸುವ ಪ್ರಾಯೋಗಿಕ ಪತ್ರಿಕೆಯಂತೆ. ನಾಲ್ಕೇ ಪುಟ, ಕಪ್ಪು ಬಿಳುಪು, ಮುಟ್ಟಿದರೆ ಕೈಗೆ ಮಸಿ. ಅಂಥದ್ದನ್ನು ನೀಲಾ ಮೂರು ಸಲ ಓದಿದಳು. ನನ್ನ ಪುಟಗಳನ್ನು ಬರೀ ತಿರುವಿ ಹಾಕಿದ್ದಳು. ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು.

ಚನ್ನವೀರಪ್ಪನವರೂ ಓದಿದರು. "ಹಾಸ್ಟೆಲಿನ್ಯಾಗ ಮೂರು ದಿನದಿಂದ ನೀರಿಲ್ಲಂತ ಬರದಾರ. ತಮ್ಮ ಕಾಲೇಜಿನ ಮಾನ ತಾವ ಕಳದಾರಲ್ಲ" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಬರಿಯಾಕ ಬಿಟ್ಟಾರಲ್ಲಪ್ಪ. ಇವರು ಬಿಡತಾರೇನು, ಕೇಳೂಣು" ಎಂದಳು ನೀಲಾ. ನನ್ನ ಬೆನ್ನ ಮೇಲಿದ್ದ ನಂಬರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ನಿಮ್ಮಲ್ಲಿ ಹುಡುಗರು ಪತ್ರಿಕೆ ತರತಾರೇನ್ರಿ?"

"ತರತಾರವಾ, ವರ್ಷಕ್ಕೊಂದು. ಚೇರ್ಮನ್ನರ ಹುಟ್ಟುಹಬ್ಬದ ವಿಶೇಷಾಂಕ."

"ಕಾಲೇಜಿನ್ಯಾಗ ಏನರ ತೊಂದ್ರಿ ಇದ್ರ ಬರೀಬಹುದೇನ್ರಿ?"

"ನಮ್ಮಲ್ಲಿ ತೊಂದ್ರಿನ ಇಲ್ಲವಾ."

ಚನ್ನವೀರಪ್ಪನವರು ನಕ್ಕುಬಿಟ್ಟರು. "ತೊಂದ್ರಿ ಇಲ್ಲದ ಬಸ್ಸ ಅಂದ್ರ ಡಿಪೋದಾಗ ನಿಂತಿದ್ದು. ಫರೀದಾನ ಕಾಲೇಜಿಗೇ ಅರ್ಜಿ ಹಾಕು, ನೀಲಾ." ಮೇಲೆ ಥಳಕು ಒಳಗೆ ಹುಳುಕು ಎಂದು ನೀಲಾಳ ಅವ್ವ ಒಳಗಿನಿಂದ ದನಿಗೂಡಿಸಿದರು. ನನಗೆ ಅಲ್ಲೇ ಹರಿದುಹೋಗುವಷ್ಟು ನಾಚಿಕೆಯಾಯಿತು.

ಈಗ ನನಗೆ ವಯಸ್ಸಾಗಿದೆ. ಅಡುಗೆಮನೆಯ ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ್ದಾರೆ. ಸ್ಟುಡಿಯೋದ ತುಂಬ ಎಣ್ಣೆಯ ಕಲೆ.

ಮೊನ್ನೆ ಆ ಮಸಿಬಡುಕ ಪತ್ರಿಕೆಯ ಹೊಸ ಸಂಚಿಕೆ ಮನೆಗೆ ಬಂತು. ನೀಲಾಳ ಮೊದಲ ವರದಿ, ಕೆಳಗೆ ಅವಳ ಹೆಸರು. ಸಂಜೆಯ ಬಸ್ಸುಗಳು ಕಾಲೇಜು ಹುಡುಗಿಯರನ್ನು ಕಂಡರೂ ನಿಲ್ಲದೆ ಹೋಗುತ್ತವೆ ಎಂದು ಬರೆದಿದ್ದಳು. ಹಾಗೆ ನಿಲ್ಲದ ಬಸ್ಸುಗಳ ಪಟ್ಟಿಯಲ್ಲಿ ಅವಳ ಅಪ್ಪನ ಬಸ್ಸೂ ಇತ್ತು. ಓದುತ್ತ ಓದುತ್ತ ಚನ್ನವೀರಪ್ಪನವರ ಮುಖ ಕೆಂಪಾಯಿತು. ಮತ್ತೊಮ್ಮೆ ಮೊದಲಿನಿಂದ ಓದಿದರು. ಕೊನೆಗೆ ಅದನ್ನು ನಾಲ್ಕಾಗಿ ಮಡಚಿ, ಖಾಕಿ ಅಂಗಿಯ ಎದೆಕಿಸೆಯಲ್ಲಿಟ್ಟುಕೊಂಡು ಡ್ಯೂಟಿಗೆ ಹೋದರು.

ಯಾರ ಮುಖವನ್ನೂ ಕೆಂಪಾಗಿಸುವ ಒಂದು ಸಾಲೂ ನನ್ನೊಳಗಿಲ್ಲ. ಆ ಕಿಸೆಯಲ್ಲಿ ಜಾಗ ಸಿಗುವುದು ಹೇಗೆಂದು ತಿಳಿಯುವ ಹೊತ್ತಿಗೆ ನಾನು ಭರಣಿಯ ಕೆಳಗಿದ್ದೆ.