ಹೀರಾಬಾಯಿಯ ಕಡೀ ಬ್ಯಾಚು

"ನೆಟ್ಟಗ ಕೂಡಸ್ರಿ. ಟೀಚರು ಯಾವತ್ತೂ ಬಾಗಿ ಕೂತವರಲ್ಲ," ಎಂದು ಪೀರಬಿ ಹೀರಾಬಾಯಿಯ ಪಕ್ಕೆಗೆ ದಿಂಬು ಒತ್ತಿದಳು.

ನಸುಕಿನಲ್ಲಿ ತೀರಿಕೊಂಡ ಹೀರಾಬಾಯಿಯನ್ನು ಮಣ್ಣಿಗೆ ಒಯ್ಯುವ ಮುನ್ನ ವಿಭೂತಿ ಹಚ್ಚಿ, ಅಂಗಳದ ಗೋಡೆಗೆ ಆನಿಸಿ ಕೂಡಿಸಿದ್ದರು. ಎದುರಿನ ಜಮಖಾನದ ಮೇಲೆ ಹಳೆಯ ವಿದ್ಯಾರ್ಥಿನಿಯರು, ಯಾರೂ ಹೇಳದಿದ್ದರೂ, ಸಾಲು ಹಿಡಿದು ಕೂತಿದ್ದರು. ಪೀರಬಿ ಜೇವರ್ಗಿಯಲ್ಲಿ ನರ್ಸು. ಒಬ್ಬಾಕೆ ಅಫಜಲಪುರದ ಬ್ಯಾಂಕಿನವಳು. ಖಜೂರಿಯ ಗಂಗಾಬಾಯಿ ಸಿಕ್ಕ ಲಾರಿ ಹತ್ತಿ ಬಂದಿದ್ದಳು.

ಹಿಂದೆ ಕುರ್ಚಿಯ ಮೇಲೆ ನಿವೃತ್ತ ಹೆಡ್‌ಮಿಸ್ಸು ವತ್ಸಲಾಬಾಯಿ. ಅವರ ಹೊಟ್ಟೆ ಧಗಧಗ ಉರಿಯುತ್ತಿತ್ತು. ಸತ್ತವರ ಮೇಲೆ ಎಂಥ ಹೊಟ್ಟೆಕಿಚ್ಚು ಅನ್ನಬೇಡಿ, ಅದಕ್ಕೆ ಸೂತಕ ಗೀತಕ ಒಂದೂ ಇಲ್ಲ. ನಾಳೆ ನಾನು ಸತ್ತರೆ ಅಳುವುದಕ್ಕೆ ಯಾರು ಬರುತ್ತಾರೆ, ಪೆನ್ಷನ್ ಆಫೀಸಿನವರೇ?

*

೧೯೮೧. ಆಳಂದದ ಹೆಣ್ಣುಮಕ್ಕಳ ಶಾಲೆ. ಗಂಟೆ ಹೊಡೆದರೂ ಹುಡುಗಿಯರು ಮನೆಗೆ ಹೋಗದೆ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ವಿಜ್ಞಾನದ ಹೀರಾಬಾಯಿಯ ಸುತ್ತ ಕೂರುತ್ತಿದ್ದರು. ವತ್ಸಲಾಬಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು.

"ಗೆಲಾಕ್ಸಿ ಅಂದ್ರ ನಕ್ಷತ್ರದ ಊರು. ಗ್ಯಾಸು ತಣ್ಣಗಾಗಿ ಒತ್ತಿಕೊಂಡ್ರ ಹೊಸಾ ನಕ್ಷತ್ರ ಹುಟ್ತಾವ. ಹೊರಗಿಂದ ಗ್ಯಾಸು ಬರೂದು ನಿಂತ್ರ?"

"ಕತ್ತಲಾಗ್ತೈತ್ರಿ!" ಎಂದಳು ಪೀರಬಿ.

"ಇಲ್ಲ ಬೇ. ಊರಿಗೆ ಸೊಸ್ತೇರು ಬರೂದು ನಿಂತ್ರ ಮರುದಿನ ಊರು ಖಾಲಿ ಆಗ್ತೈತೇನು? ಮುದುಕ್ರು ಕಟ್ಟಿ ಮ್ಯಾಲ ಕೂತ ಇರ್ತಾರ. ದೂರದಿಂದ ನೋಡಿದವ್ರಿಗೆ ಊರು ತುಂಬಿದಂಗ ಕಾಣ್ತೈತಿ. ತೊಟ್ಟಲಷ್ಟ ಖಾಲಿ."

ಹುಡುಗಿಯರು ಗೊಳ್ಳೆಂದು ನಕ್ಕರು. ವತ್ಸಲಾಬಾಯಿಯ ಪಾಠಕ್ಕೆ ಯಾರೂ ಎಂದೂ ಹಾಗೆ ನಕ್ಕಿರಲಿಲ್ಲ.

ಮರುವಾರ ಅವರು ಎಂಟನೆಯ ತರಗತಿಗೆ ಹೊಸದಾಗಿ ಸೇರಿದವರ ಮನೆಮನೆಗೂ ಹೋದರು. ಕೊಟ್ಟ ಚಹಾ ಕುಡಿದು, "ಹೊತ್ತು ಮುಳುಗೂತನಾ ಹುಡಿಗೇರನ್ನ ಸಾಲ್ಯಾಗ ಬಿಟ್ರ ನಾಳೆ ಬೀಗ್ರು ಏನಂದಾರ್ರಿ?" ಎಂದರು. ಅಷ್ಟು ಸಾಕಾಯಿತು. ಪ್ರತಿ ವರ್ಷ ಅದೇ ಮಾತು, ಅದೇ ಚಹಾ. ಮೊದಲಿದ್ದವರು ಹತ್ತನೆಯದು ಮುಗಿಸಿ ಹೋದರು, ಹೊಸಬರು ಸಂಜೆ ನಿಲ್ಲಲಿಲ್ಲ. ಆಮೇಲೆ ಹನ್ನೊಂದು ವರ್ಷ ಹೀರಾಬಾಯಿ ಸಂಜೆ ಅದೇ ತರಗತಿಯ ಖೋಲಿಯಲ್ಲಿ ಒಬ್ಬರೇ ಕೂತು ಮನೆಗೆ ಹೋಗುತ್ತಿದ್ದರು.

*

"ಏನ ಪೀರಬಿ, ನಮಗಿಂತ ಸಣ್ಣಾಕಿ ಒಬ್ಬಾಕಿನೂ ಬಂದಿಲ್ಲಲ್ಲ?" ಗಂಗಾಬಾಯಿ ಸಾಲುಗಳನ್ನು ನೋಡುತ್ತ ಕೇಳಿದಳು.

"ನಾವ ಕಡೀ ಬ್ಯಾಚು."

ವತ್ಸಲಾಬಾಯಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಸುಮ್ಮನಿದ್ದರೆ ಮುಗಿದೇ ಹೋಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ.

"ನಾನ ಬಿಡಿಸೀನಿ," ಎಂದರು. "ಮನಿಮನಿಗೆ ಹೋಗಿ ಸಂಜಿ ಪಾಠ ಬಿಡಿಸೀನಿ. ಹೊಟ್ಟಿಕಿಚ್ಚಿಗೆ."

ಪೀರಬಿ ತಿರುಗಿ ನೋಡಲಿಲ್ಲ. "ಟೀಚರಿಗೆ ಗೊತ್ತಿತ್ರಿ. ಹ್ವಾದ ವರ್ಷ ದವಾಖಾನ್ಯಾಗ ಹೇಳಿದ್ರು. 'ವತ್ಸಲಾಬಾಯಿಯವ್ರು ದಿನಾ ಬಾಗಲ ಹಿಂದ ನಿಂತು ಕೇಳತಿದ್ರು, ಒಳಗ ಬರ್ರಿ ಅಂತ ನಾ ಒಂದಿನಾನೂ ಕರೀಲಿಲ್ಲ, ತಪ್ಪು ನಂದು' ಅಂದ್ರು."

ಅಯ್ಯೋ, ಇದರಲ್ಲೂ ಆಕೆಯೇ ಗೆದ್ದಳು! ವತ್ಸಲಾಬಾಯಿಗೆ ಸಿಟ್ಟು ಬಂತು, ಹಿಂದೆಯೇ ಅಳು ಬಂತು.

ಭಜನೆಯವರು ಎದ್ದರು. ಹೀರಾಬಾಯಿಯನ್ನು ಎತ್ತಿ, ಹೆಗಲ ಮೇಲೆ ಹೊರುವ ಹೂವಿನ ವಿಮಾನದಲ್ಲಿ ಕೂಡಿಸಿ ಒಯ್ದರು. ಹೆಣ್ಣುಮಕ್ಕಳೆಲ್ಲ ಹಿಂದೆ ನಡೆದರು, ಅಂಗಳ ಖಾಲಿಯಾಯಿತು.

ವತ್ಸಲಾಬಾಯಿ ಕುರ್ಚಿಯಿಂದ ಎದ್ದು, ಮೊಣಕಾಲು ಹಿಡಿದುಕೊಂಡು, ಜಮಖಾನದ ಮುಂದಿನ ಸಾಲಿನಲ್ಲಿ ಕೂತರು. ಎದುರಿನ ಗೋಡೆಯ ಮೇಲೆ, ಬೆನ್ನು ಆನಿಸಿದ್ದಷ್ಟು ಜಾಗದಲ್ಲಿ, ವಿಭೂತಿ ಮೆತ್ತಿತ್ತು.