ಮೊದಲು ಸಹಿ

ಗ್ರಾಮಸಭೆಗೆ ಬಂದವರಿಂದ ಮೊದಲು ಸಹಿ ಹಾಕಿಸಿಕೊಳ್ಳುವುದು, ಠರಾವು ಆಮೇಲೆ ಬರೆಯುವುದು ಖಾನಾಪುರದ ಕಾಡಂಚಿನ ಆ ಪಂಚಾಯ್ತಿಯ ರೂಢಿ. ಚರ್ಚೆ ಮುಗಿಯುವ ತನಕ ಯಾರೂ ಕೂರುವುದಿಲ್ಲ. ಬಸ್ಸು ತಪ್ಪುತ್ತದೆ, ಎಮ್ಮೆ ಹಿಂಡುವ ಹೊತ್ತಾಗುತ್ತದೆ. ಅಭಿವೃದ್ಧಿ ಅಧಿಕಾರಿ ದಾನೇಶ್ವರಿಯೂ ಆರು ವರ್ಷ ಹಾಗೆಯೇ ನಡೆಸಿದ್ದಳು. ಮೇಲೆ ಒಂದೂವರೆ ಪುಟ ಖಾಲಿ ಬಿಟ್ಟು, ಕೆಳಗೆ ಸಹಿ ತೆಗೆದುಕೊಂಡು, ಬೆಳಗಾವಿಯ ಹಿಂದವಾಡಿಯ ಮನೆಗೆ ಪುಸ್ತಕ ಒಯ್ದು ತುಂಬುತ್ತಿದ್ದಳು.

ಈ ಸಲ ನಳದ ನೀರಿನ ಬಗ್ಗೆ ಮೂರು ಠರಾವು ಬರೆದ ಮೇಲೂ ಅಂಗೈಯಗಲ ಜಾಗ ಉಳಿಯಿತು. ಯಾರೂ ಏನೂ ಸೇರಿಸದಂತೆ ಅಲ್ಲಿ ಅಡ್ಡಗೆರೆ ಎಳೆಯಬೇಕಿತ್ತು. ಬೀದಿದೀಪದ್ದೊಂದು ಸೇರಿಸುವುದಿದೆ ಎಂದು ಉಪಾಧ್ಯಕ್ಷ ಓಂಕಾರ ಪುಸ್ತಕ ಕೇಳಿದ. ಅವನು ವಕೀಲ. ಅವಳು ಕೊಟ್ಟಳು.

ಪುಸ್ತಕ ಮರಳಿ ಬಂದಾಗ ಬೀದಿದೀಪದ ಮಾತೇ ಇರಲಿಲ್ಲ. ‘ಗಡಿ ದಾವೆ ಇತ್ಯರ್ಥವಾಗುವ ತನಕ ಈ ಊರು ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಇಲ್ಲಿನ ಕಾಡು, ನೀರು, ದಾರಿಯ ಮೇಲೆ ಗ್ರಾಮಸಭೆಯ ಮಾತೇ ಕಾನೂನು.’ ಕೆಳಗೆ ನೂರಾ ಹನ್ನೆರಡು ಸಹಿ.

ಅವಳು ಓಂಕಾರನಿಗೆ ಫೋನು ಮಾಡಿದಳು.

“ಪಂಚಾಯ್ತಿಗೆ ಬಿಟ್ಟಿದ್ದು ಇಪ್ಪತ್ತೊಂಬತ್ತು ವಿಷಯ. ರಾಜ್ಯ ಬಿಡೂದು ಅದರಾಗ ಎಲ್ಲೈತ್ರಿ? ಗಡಿ ಸರಸೂದು ಸಂಸತ್ತಿನ ಕೆಲಸ.”

“ಸಂವಿಧಾನ ನಾನೂ ಓದೀನ್ರಿ ಮ್ಯಾಡಂ,” ಓಂಕಾರ ನಕ್ಕ. “ಖಾಲಿ ಜಾಗಾ ಬಿಡ್ರಿ ಅಂತ ಯಾವ ಅನುಚ್ಛೇದದಾಗ ಐತಿ, ಅದನ್ನಷ್ಟ ಹೇಳ್ರಿ.”

ಐದನೆಯ ದಿನ ಆ ಠರಾವಿನ ನಕಲು ಹಿಡಿದ ನಾಲ್ವರು ಅರಣ್ಯ ಇಲಾಖೆಯ ತಪಾಸಣಾ ನಾಕೆಯಲ್ಲಿ ಕಾವಲುಗಾರನನ್ನು ತಡೆದರು. ಅವನ ಕೈ ಮುರಿಯಿತು. ನಾಲ್ವರು ಸಿಗಲಿಲ್ಲ. ವಿಚಾರಣೆಯ ನೋಟಿಸು ಸಹಿ ಮಾಡಿದ ನೂರಾ ಹನ್ನೆರಡು ಮಂದಿಗೂ ಬಂತು. ಓಂಕಾರ ಸಭೆಯ ದಿನ ಸಹಿ ಮಾಡಿರಲೇ ಇಲ್ಲ.

ಪಟ್ಟಿಯ ಮೊದಲ ಹೆಬ್ಬೆಟ್ಟು ಊರಿನ ಮುದುಕಿ ಚಂದ್ರವ್ವನದು. ನೋಟಿಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಪಂಚಾಯ್ತಿಗೆ ಬಂದಳು.

“ನಳದ ಸಲುವಾಗಿ ಒತ್ತಿದ್ದೆರಿ ಬಾಯಾರ. ಈಗ ದೇಶಾ ಒಡ್ಯಾಕ ಒತ್ತೀದಿ ಅಂತಾರ. ನಾ ತೆಂಗಿನಕಾಯಿ ಒಡ್ಯಾಕೂ ಮಂದೀನ್ನ ಕರ್ಯಾಕಿ.”

“ನಾ ಖರೇ ಹೇಳ್ತೀನಿ, ಯವ್ವಾ.”

ಮರುದಿನ ಖಾನಾಪುರದ ತಹಶೀಲ್ದಾರ ಕಚೇರಿಯಲ್ಲಿ ವಿಚಾರಣೆ. ಊರಿನವರು ಪಡಸಾಲೆಯಲ್ಲಿ ಕುಳಿತಿದ್ದರು. ದಾನೇಶ್ವರಿ ಒಳಗೆ ಹೋಗಿ ಲಿಖಿತ ಹೇಳಿಕೆ ಕೊಟ್ಟಳು: ಸಹಿ ಮೊದಲು, ಬರಹ ಆಮೇಲೆ, ನಾಲ್ಕನೆಯ ಠರಾವು ಓಂಕಾರ ಪುಸ್ತಕ ಒಯ್ದ ಮೇಲೆ ಬಂದದ್ದು. ನೌಕರಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ವಿಚಾರಣೆಯ ಅಧಿಕಾರಿ ಅದನ್ನು ಎರಡು ಸಲ ಓದಿದ.

“ಖಾಲಿ ಪುಟದಾಗಿನ ಸಹಿಗೆ ಬೆಲಿ ಇಲ್ಲ. ಮಂದೀನ್ನ ಬಿಡಬೇಕಾಗ್ತದ.” ಹಾಳೆ ಕೆಳಗಿಟ್ಟ. “ಇದೊಂದ ಸಲ ಹಿಂಗೋ, ಎಲ್ಲಾ ಸಲಾನೂ ಹಿಂಗೋ?”

ಒಂದೇ ಸಲ ಎಂದರೆ ಅವನು ನಂಬುವುದಿಲ್ಲ. ಅವನು ನಂಬದಿದ್ದರೆ ಹೊರಗಿದ್ದವರು ಉಳಿಯುವುದಿಲ್ಲ.

“ಎಲ್ಲಾ ಸಲಾನೂ ಹಿಂಗರೀ.”

ಅಧಿಕಾರಿ ಗುಮಾಸ್ತನ ಕಡೆ ತಿರುಗಿದ. “ಆರು ವರ್ಷದ ಪುಸ್ತಕ ತರಸ್ರಿ. ಜಾಗಾ, ಮನಿ, ನಳ, ಗ್ರಾಮಸಭಾದಾಗ ಮಂಜೂರಾಗಿದ್ದು ಯಾವುದೂ ಬಿಡಬ್ಯಾಡ್ರಿ.”

ಅವಳು ಹೊರಗೆ ಬಂದಾಗ ಜನ ಎದ್ದು ನಿಂತರು. ಕೇಸು ಇಲ್ಲವೆಂಬ ಸುದ್ದಿ ಆಗಲೇ ಪಡಸಾಲೆ ಮುಟ್ಟಿತ್ತು. ಚಂದ್ರವ್ವ ಎರಡೂ ಕೈಯಿಂದ ಅವಳ ಕೈ ಹಿಡಿದಳು.

“ಉಳಿಸಿದ್ರಿ ನಮ್ಮನ್ನ. ನನ್ನ ಹೊಸಾ ಮನಿ ಇನ್ನಾ ನೋಡಿಲ್ಲ ನೀವು. ಬರ್ರಿ, ಚಾ ಕುಡದ ಹೋಗೀರಂತ.”

ಆ ಮನೆ ಹೋದ ವರ್ಷದ ಗ್ರಾಮಸಭೆಯಲ್ಲಿ, ಅಂಥದೇ ಖಾಲಿ ಪುಟದ ಸಹಿಯ ಮೇಲೆ ಮಂಜೂರಾದದ್ದು. ದಾನೇಶ್ವರಿ ಕೈ ಬಿಡಿಸಿಕೊಳ್ಳಲಿಲ್ಲ.